ಮರಳಿ ಆಸ್ಪತ್ರೆಗೆ: ಜಠರವನ್ನು ತೆಗೆದವರ ಮನೆಯಲ್ಲಿ ಗೃಹಸ್ಥನ ಕರ್ತವ್ಯ

ಮನೆಯಲ್ಲೊಬ್ಬರಿಗೆ ಭಾರಿಯಾದ ಶಸ್ತ್ರಚಿಕಿತ್ಸೆ ನಡೆದು, ಅವರು ಪ್ರಾಣಾಪಾಯದಿಂದ ಪಾರಾಗಿ ಹಿಂದಿರುಗಿದ ದಿವಸ ಗೃಹಸ್ಥನಿಗಾಗುವ ಸಂತೋಷವು ಇಷ್ಟೆಂದು ಹೇಳತಕ್ಕದ್ದಲ್ಲ. ಬಾಗಿಲಿಗೆ ತೋರಣ ಕಟ್ಟದಿದ್ದರೂ ಮನಸ್ಸಿನಲ್ಲಿ ಹಬ್ಬವೇ ಸರಿ. ಬಂಧುಗಳು ಹಣ್ಣುಹಂಪಲುಗಳೊಡನೆ ಬರುತ್ತಾರೆ. ಗಂಡಾಂತರವು ಕಳೆಯಿತೆಂದು ನಾಲ್ಕು ಜನ ಹೇಳುತ್ತಾರೆ. ಮನೆಯಾಕೆ ಒಲೆಯ ಮೇಲೆ ಪಾಯಸಕ್ಕಿಡುತ್ತಾಳೆ. ಇದೆಲ್ಲವೂ ಸಹಜವೇ. ಆದರೆ ಜಠರವನ್ನು, ಎಂದರೆ ನಾವು ಉಂಡ ಅನ್ನವು ಮೊದಲು ಹೋಗಿ ತಂಗುವ ಚೀಲವನ್ನು, ಪೂರ್ತಿಯಾಗಿಯೋ ಭಾಗವಾಗಿಯೋ ತೆಗೆಸಿಕೊಂಡು ಬಂದವರ ವಿಷಯದಲ್ಲಿ ಈ ಹಬ್ಬವು ಸ್ವಲ್ಪ ಮುಂಚೆಯೇ ಆಯಿತೆಂದು ಹೇಳಬೇಕಾಗಿದೆ. ಅಂಥವರಲ್ಲಿ ಒಂದು ತಿಂಗಳೊಳಗಾಗಿ ಮರಳಿ ಆಸ್ಪತ್ರೆಯ ಮಂಚವನ್ನು ಸೇರುವವರು ಕೆಲವರುಂಟು. ಪಾಶ್ಚಾತ್ಯ ದೇಶಗಳ ಆಸ್ಪತ್ರೆಗಳು ಬರೆದಿಟ್ಟಿರುವ ಲೆಕ್ಕಗಳನ್ನು ನೋಡಿದರೆ, ಸ್ಥೂಲವಾಗಿ ಹತ್ತು ಜನರಲ್ಲಿ ಒಬ್ಬರೋ ಇಬ್ಬರೋ ಹೀಗೆ ಹಿಂದಿರುಗುತ್ತಾರೆ. ಅವರಲ್ಲಿ ಅನೇಕರನ್ನು ಹಿಂದಕ್ಕೆ ಕಳುಹಿಸುವುದು ನೀರಡಿಕೆ, ವಾಂತಿ, ಅನ್ನ ಸೇರದಿರುವುದು ಮುಂತಾದ, ಮನೆಯೊಳಗೇ ಹುಟ್ಟಿ ಬೆಳೆಯುವ ಕಾರಣಗಳು. ಆದಕಾರಣ ಈ ತಿಂಗಳು ನಮ್ಮ ವಾಚಕರ ಮುಂದೆ ಈ ವಿಷಯವನ್ನೇ ಇಡುತ್ತೇವೆ.

ಇದು ಎಲ್ಲೋ ದೂರದವರ ಮಾತೆಂದು ಯಾರೂ ಭಾವಿಸಕೂಡದು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು 1973ರಲ್ಲಿ ಸ್ಥಾಪಿತವಾಯಿತು. ಆ ನಗರದ ಕ್ಯಾನ್ಸರ್ ರೋಗಿಗಳ ಗಣತಿಯು 1982ರಿಂದ ಕ್ರಮವಾಗಿ ನಡೆದುಬಂದಿದೆ; ಅದರಲ್ಲಿ ಗಂಡಸರಿಗೆ ಬರುವ ಕ್ಯಾನ್ಸರುಗಳ ಪೈಕಿ ಜಠರದ್ದು ಮುಂದಿನ ಸಾಲಿನಲ್ಲಿಯೇ ಕಾಣಿಸಿಕೊಂಡಿದೆ. ನಮ್ಮ ಹಿರಿಯರು ಏಡಿಗಂತಿಯೆಂದು ಕರೆಯುತ್ತಿದ್ದ ಈ ರೋಗವು ಜಠರದಲ್ಲಿ ನೆಲಸಿದಾಗ, ಅದು ಇನ್ನೂ ಬೇರೆಡೆಗೆ ಹರಡದಿದ್ದರೆ, ಜಠರವನ್ನು ಕೊಯ್ದು ತೆಗೆಯುವುದೇ ಮುಖ್ಯವಾದ ಚಿಕಿತ್ಸೆ. ಹೀಗೆ ಚಿಕಿತ್ಸೆ ಹೊಂದಿ ಹಳ್ಳಿಗಳಿಗೆ ಹಿಂದಿರುಗುವವರಿದ್ದಾರೆ. ನಮ್ಮ ರಾಜಘಟ್ಟದಂಥ ಊರಿನಲ್ಲಿ ಅವರಿಗೆ ಹತ್ತಿರದ ಪಟ್ಟಣವು ದೊಡ್ಡಬಳ್ಳಾಪುರ. ಶಸ್ತ್ರವೈದ್ಯರಿರುವುದು ಅಲ್ಲಿಂದಾಚೆಗೆ ಸುಮಾರು 40 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, ಅದರಲ್ಲಿಯೂ ಕಿದ್ವಾಯಿ ಸಂಸ್ಥೆಯು ನಗರದ ದಕ್ಷಿಣ ಭಾಗದಲ್ಲಿ. ಇಷ್ಟು ದೂರವಿರುವಾಗ, ಯಾವುದನ್ನು ಮನೆಯಲ್ಲಿಯೇ ತಡೆಯಬಹುದು, ಯಾವುದಕ್ಕೆ ಒಂದು ಗಳಿಗೆಯೂ ಕಾಯದೆ ಹೊರಡಬೇಕು ಎಂಬ ವಿವೇಕವು ಮನೆಯವರಿಗೆ ಇರಬೇಕಾದದ್ದು ಅತ್ಯವಶ್ಯಕ.

ಜಠರವಿಲ್ಲದೆ ಮನುಷ್ಯನು ಬದುಕಬಹುದೆ ಎಂದು ಕೇಳುವವರುಂಟು. ಇದಕ್ಕೆ ಉತ್ತರವು ನೂರು ವರ್ಷಗಳಿಗಿಂತ ಹಿಂದೆಯೇ ದೊರೆತಿದೆ. 1881ನೆಯ ಇಸವಿ ಜನವರಿ 29ರಂದು ವಿಯೆನ್ನಾ ನಗರದಲ್ಲಿ ಬಿಲ್‌ರೋತ್ ಎಂಬ ಶಸ್ತ್ರವೈದ್ಯನು ಒಬ್ಬ ಸ್ತ್ರೀಯ ಜಠರದ ಕೆಳಭಾಗವನ್ನು ತೆಗೆದು ಉಳಿದ ಭಾಗವನ್ನು ಕರುಳಿಗೆ ಹೊಲಿದನು. ಆಕೆ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡಳು. ಆದರೆ ಮೂಲರೋಗವೇ ಮರಳಿ ಬಂದು ಕೆಲವು ತಿಂಗಳುಗಳಲ್ಲಿ ತೀರಿಕೊಂಡಳು. ಅನಂತರ 1897ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಶ್ಲಾಟರ್ ಎಂಬ ವೈದ್ಯನು ಜಠರವನ್ನು ಸಂಪೂರ್ಣವಾಗಿ ತೆಗೆದನು. ಆ ರೋಗಿಯ ಹೆಸರು ಆನಾ ಲಾಂಡಿಸ್, ವಯಸ್ಸು ಐವತ್ತಾರು, ವೃತ್ತಿಯಿಂದ ರೇಷ್ಮೆ ನೇಯುವವಳು. ರೇಷ್ಮೆಯ ಮಗ್ಗಗಳ ಸದ್ದು ಕೇಳುತ್ತಲೇ ಬೆಳೆಯುವ ದೊಡ್ಡಬಳ್ಳಾಪುರ ಸೀಮೆಯ ನಮಗೆ ಈ ಸಂಗತಿಯು ವಿಶೇಷವಾಗಿ ನೆನಪಿನಲ್ಲಿ ಉಳಿಯತಕ್ಕದ್ದು. ಆಕೆ ಜಠರವಿಲ್ಲದೆ ಒಂದು ವರ್ಷಕ್ಕೂ ಮೀರಿ ಬದುಕಿದಳು. ಆಕೆಗೆ ಕೊಟ್ಟ ಆಹಾರವು ಹಾಲು, ಮೊಟ್ಟೆ, ಗಂಜಿ ಮುಂತಾದವು. ಅದನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಕೊಡುತ್ತಿದ್ದರು. ಶಸ್ತ್ರದ ಕೌಶಲವು ಆಕೆಯನ್ನು ಮೇಜಿನಿಂದ ಎಬ್ಬಿಸಿತು. ಅನಂತರ ದಿನಗಳನ್ನು ದಾಟಿಸಿದ್ದು ಈ ಬಡಿಸುವ ಕ್ರಮ. ಇಂದಿಗೂ ಮನೆಯವರು ಕಲಿಯಬೇಕಾದ ಮೊದಲನೆಯ ಪಾಠ ಇದೇ.

ಈ ಕ್ರಮವೇಕೆ ಬೇಕೆಂಬುದನ್ನು ತಿಳಿಯಬೇಕಾದರೆ ಜಠರದ ಕೆಲಸಗಳನ್ನು ಒಮ್ಮೆ ನೆನೆಯಬೇಕು. ಮೊದಲನೆಯದಾಗಿ ಅದು ಕಣಜ: ಒಂದು ಲೀಟರಿಗೂ ಹೆಚ್ಚು ಅನ್ನಪಾನಗಳನ್ನು ಒಮ್ಮೆಗೇ ತುಂಬಿಟ್ಟುಕೊಳ್ಳುತ್ತದೆ. ಎರಡನೆಯದಾಗಿ ಅದು ಒರಳು: ಬಂದ ತುತ್ತುಗಳನ್ನು ಕಡೆದು ನುಣ್ಣಗೆ ಮಾಡುತ್ತದೆ. ಮೂರನೆಯದಾಗಿ ಅದು ದ್ವಾರಪಾಲಕ: ಹೀಗೆ ಕಡೆದುದನ್ನು ಕೆಳಗಿನ ಬಾಗಿಲಿನಿಂದ ಸಣ್ಣ ಸಣ್ಣ ಪಾಲಾಗಿ ಕರುಳಿಗೆ ಬಿಡುತ್ತದೆ. ನಾಲ್ಕನೆಯದಾಗಿ ಅದರ ಆಮ್ಲರಸವು ಕ್ರಿಮಿಗಳನ್ನು ಕೊಲ್ಲುತ್ತದೆ, ಆಹಾರದಲ್ಲಿರುವ ಕಬ್ಬಿಣದ ಅಂಶವನ್ನು ರಕ್ತಕ್ಕೆ ಸೇರಲು ಯೋಗ್ಯವಾಗಿಸುತ್ತದೆ. ಐದನೆಯದಾಗಿ, ಬಿ12 ಎಂಬ ಜೀವಸತ್ವವನ್ನು ಕರುಳು ಹೀರಿಕೊಳ್ಳುವುದಕ್ಕೆ ಅವಶ್ಯವಾದ ಒಂದು ವಸ್ತುವು ಅಲ್ಲಿಯೇ ಉತ್ಪನ್ನವಾಗುತ್ತದೆ. ಜಠರವು ಹೋದಾಗ ಈ ಐದು ಕೆಲಸಗಳೂ ದಿಕ್ಕಿಲ್ಲದೆ ನಿಲ್ಲುತ್ತವೆ. ಅವುಗಳಲ್ಲಿ ಕಡೆಯ ಎರಡನ್ನು ಬಹುಮಟ್ಟಿಗೆ ವೈದ್ಯನು ಔಷಧದಿಂದ ನಡೆಸಬಲ್ಲನು. ಮೊದಲಿನ ಮೂರನ್ನು ನಡೆಸತಕ್ಕವರು ಮನೆಯವರು. ಕಣಜದ ಕೆಲಸವನ್ನು ಅಡಿಗೆಮನೆಯು, ಒರಳಿನ ಕೆಲಸವನ್ನು ರೋಗಿಯ ಹಲ್ಲುಗಳು, ದ್ವಾರಪಾಲಕನ ಕೆಲಸವನ್ನು ಬಡಿಸುವವರ ಕೈ ವಹಿಸಿಕೊಳ್ಳಬೇಕು. ನಾವು ಹೇಳಬೇಕೆಂದಿರುವುದರ ಸಾರವೆಲ್ಲ ಇಷ್ಟೇ. ಮುಂದಿನದೆಲ್ಲ ಇದರ ವಿಸ್ತಾರ.

ಮೊದಲು ಕಣಜದ ಮಾತು. ಮೂರು ಹೊತ್ತಿನ ಊಟವೆಂಬ ನಮ್ಮ ವಾಡಿಕೆಯನ್ನು ಇಂಥ ರೋಗಿಯ ಮಟ್ಟಿಗೆ ಮರೆತುಬಿಡಬೇಕು. ಆರರಿಂದ ಎಂಟು ಸಾರಿ, ಸುಮಾರು ಎರಡು ಅಥವಾ ಮೂರು ಗಂಟೆಗಳಿಗೊಮ್ಮೆ, ಪ್ರತಿಸಾರಿಯೂ ಒಂದು ಚಿಕ್ಕ ಬಟ್ಟಲಿನಷ್ಟು ಆಹಾರವನ್ನು ಕೊಡುವುದು ವೈದ್ಯರು ಸಾಮಾನ್ಯವಾಗಿ ಹೇಳುವ ಕ್ರಮ. ಅನೇಕರಿಗೆ ಹಸಿವೆಂಬುದೇ ತೋರುವುದಿಲ್ಲ; ಏಕೆಂದರೆ ಹಸಿವನ್ನು ಎಬ್ಬಿಸುವ ರಸವೊಂದು ಮುಖ್ಯವಾಗಿ ಜಠರದಲ್ಲಿಯೇ ಹುಟ್ಟುತ್ತದೆ. ಆದಕಾರಣ ಹಸಿವಾದಾಗ ಕೇಳಲಿ ಎಂದು ಕಾಯುತ್ತ ಕುಳಿತರೆ ದಿನವು ಹಾಗೆಯೇ ಕಳೆದುಹೋಗುತ್ತದೆ. ಗಡಿಯಾರವನ್ನು ನೋಡಿ ಕೊಡಬೇಕು. ಕೊಡುವ ಸ್ವಲ್ಪದರಲ್ಲಿಯೇ ಸಾರವಿರಬೇಕು: ಚೆನ್ನಾಗಿ ಬೆಂದ ತೊವ್ವೆ, ಮೊಸರು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಮೀನು ಮಾಂಸಗಳನ್ನು ಬಳಸುವವರಿಗೆ ಮೆತ್ತಗೆ ಬೇಯಿಸಿದ ಮೀನು ಮಾಂಸ, ಮೆತ್ತನೆಯ ಅನ್ನ, ತುಪ್ಪದ ಒಂದು ತೊಟ್ಟು. ಬರಿಯ ಗಂಜಿಯ ತಿಳಿಯನ್ನೇ ವಾರಗಟ್ಟಲೆ ಕುಡಿಸಿ, ಪಥ್ಯ ಮಾಡಿಸಿದೆವೆಂದು ತೃಪ್ತಿಪಟ್ಟವರ ಮನೆಗಳಲ್ಲಿ ರೋಗಿಯು ಎಲುಬು ಚರ್ಮವಾಗಿ ಹಿಂದಕ್ಕೆ ಹೋಗುವುದುಂಟು.

ನಮ್ಮ ಪ್ರಾಚೀನರಿಗೆ ಈ ಮೆಟ್ಟಿಲುಮೆಟ್ಟಿಲಾದ ಆಹಾರಕ್ರಮದ ಅರಿವು ಇಲ್ಲದಿರಲಿಲ್ಲ. ಚರಕಸಂಹಿತೆಯಲ್ಲಿ ಶೋಧನಚಿಕಿತ್ಸೆಯಾದ ಬಳಿಕ ಪೇಯಾ, ವಿಲೇಪೀ, ಯೂಷವೆಂದು ತೆಳ್ಳಗಿನದರಿಂದ ಗಟ್ಟಿಯಾದುದಕ್ಕೆ ಆಹಾರವನ್ನು ಏರಿಸುವ ವಿಧಾನವುಂಟು. ಅದಕ್ಕೆ ಸಂಸರ್ಜನಕ್ರಮವೆಂದು ಹೆಸರು. ಜಠರವೇ ಇಲ್ಲದವನ ವಿಷಯವನ್ನು ಆ ಗ್ರಂಥವು ಹೇಳಿಲ್ಲವಾದ್ದರಿಂದ, ಇಲ್ಲಿ ಪ್ರಮಾಣವೆಂದು ಹಿಡಿಯಬೇಕಾದದ್ದು ಶಸ್ತ್ರವೈದ್ಯನೂ ಆಸ್ಪತ್ರೆಯ ಆಹಾರತಜ್ಞರೂ ಬರೆದುಕೊಟ್ಟ ಚೀಟಿಯೇ. ಆದರೆ ಅವಸರ ಕೂಡದೆಂಬ ತತ್ತ್ವವು ಎರಡು ಕಡೆಯೂ ಒಂದೇ ಎಂಬುದನ್ನು ವಾಚಕರು ಗಮನಿಸಬಹುದು.

ಎರಡನೆಯದು ಒರಳಿನ ಕೆಲಸ. ನಮ್ಮ ಸೀಮೆಯಲ್ಲಿ ರಾಗಿಯ ಮುದ್ದೆಯನ್ನು ಅಗಿಯುವವನನ್ನು ಹೊಸಬನೆಂದು ನಗುವುದುಂಟು. ತುತ್ತು ಮಾಡಿ ಸಾರಿನಲ್ಲಿ ಹೊರಳಿಸಿ ನುಂಗುವುದೇ ಇಲ್ಲಿಯ ರೂಢಿ. ಜಠರವಿದ್ದಾಗ ಅದು ನಡೆಯುತ್ತಿತ್ತು, ಏಕೆಂದರೆ ಒಳಗೆ ಒರಳಿತ್ತು. ಈಗ ಆ ಉಂಡೆಯು ಹೊಲಿಗೆಯಾದ ಕಿರಿದಾದ ದಾರಿಯಲ್ಲಿ ನೇರವಾಗಿ ಇಳಿಯಬೇಕು. ಅಲ್ಲಿ ಅದು ಸಿಕ್ಕಿಕೊಂಡರೆ ಎದೆಯ ಕೆಳಗೆ ನೋವು, ವಾಂತಿ, ನೀರೂ ಇಳಿಯದ ಸ್ಥಿತಿ. ರಾಗಿಯನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಮೊದಲು ಜರಡಿಹಿಡಿದ ಹಿಟ್ಟಿನ ಗಂಜಿಯಾಗಿ, ವೈದ್ಯರು ಒಪ್ಪಿದ ಮೇಲೆ ಮೆತ್ತಗೆ ಮಾಡಿ, ಚಿಕ್ಕ ತುತ್ತಾಗಿ, ಚೆನ್ನಾಗಿ ಅಗಿದು ತಿನ್ನತಕ್ಕದ್ದು. ಅವರೆಕಾಳಿನ ಸಿಪ್ಪೆ, ನಾರಿರುವ ಸೊಪ್ಪಿನ ದಂಟು, ಕಿತ್ತಳೆಯ ತೊಳೆಯ ಮೇಲಿನ ನಾರು, ಸೀಬೆಯ ಬೀಜ, ನುಗ್ಗೆಯ ನಾರು ಇವುಗಳೂ ಅಂಥವೇ. ಅರೆದು ಒಡೆಯದ ನಾರು ಕೂಡಿಕೊಂಡು ಗಂಟಾಗಿ ಕರುಳನ್ನು ಅಡ್ಡಗಟ್ಟಿದ ಪ್ರಸಂಗಗಳು ವೈದ್ಯರಿಗೆ ಚೆನ್ನಾಗಿ ತಿಳಿದಿವೆ. ಹಲ್ಲಿಲ್ಲದ ಮುದುಕರಿಗೆ ಅರೆದೇ ಕೊಡಬೇಕು. ಹಲ್ಲಿನ ಸೆಟ್ಟು ಸಡಿಲವಾಗಿದ್ದರೆ ಅದನ್ನು ಸರಿಪಡಿಸಬೇಕು. ಹಲ್ಲನ್ನು ಸರಿಪಡಿಸುವುದೂ ಹೊಟ್ಟೆಯ ಚಿಕಿತ್ಸೆಯೇ ಎಂಬುದು ಆಶ್ಚರ್ಯವಾದರೂ ನಿಜ.

ಮೂರನೆಯದಾದ ದ್ವಾರಪಾಲಕನ ಕೆಲಸದಲ್ಲಿಯೇ ಮನೆಯವರು ಹೆಚ್ಚಾಗಿ ಎಡವುವುದು. ಸಿಹಿಯಾದ ಪದಾರ್ಥವು ತಡೆಯಿಲ್ಲದೆ ಒಮ್ಮೆಗೇ ಕರುಳಿಗೆ ನುಗ್ಗಿದರೆ, ಅದನ್ನು ತೆಳ್ಳಗೆ ಮಾಡಲು ಶರೀರವು ರಕ್ತದಿಂದ ನೀರನ್ನು ಕರುಳಿಗೆ ಸೆಳೆದುಕೊಳ್ಳುತ್ತದೆ. ಉಂಡ ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗಾಗಿ ಎದೆ ಹೊಡೆದುಕೊಳ್ಳುವುದು, ಬೆವರು, ತಲೆಸುತ್ತು, ಹೊಟ್ಟೆಯ ಕಿವುಚು, ಭೇದಿ ಮೊದಲಾದವು ತೋರುತ್ತವೆ. ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ. ಸರಕನ್ನು ಗಾಡಿಯಿಂದ ಒಮ್ಮೆಗೇ ಸುರಿದಂತೆ ಎಂದು ಅರ್ಥ. ಮತ್ತೆ ಕೆಲವರಿಗೆ ಒಂದರಿಂದ ಮೂರು ಗಂಟೆಗಳ ಮೇಲೆ, ಒಮ್ಮೆಗೇ ಏರಿದ ಸಕ್ಕರೆಯು ಒಮ್ಮೆಗೇ ಇಳಿದು, ನಡುಕವೂ ಕಣ್ಣುಕತ್ತಲೆಯೂ ಬರುವುದುಂಟು. ಈ ಎರಡನೆಯ ಸ್ಥಿತಿಯಲ್ಲಿ ಸ್ವಲ್ಪ ಸಕ್ಕರೆಯನ್ನು ಕೊಟ್ಟು, ಅದರ ಹಿಂದೆಯೇ ಅನ್ನ ಮೊಸರಿನಂಥ ಆಹಾರವನ್ನು ಕೊಡಬೇಕು, ವೈದ್ಯರಿಗೂ ತಿಳಿಸಬೇಕು. ಆದರೆ ಇಂಥದು ಬಾರದಂತೆ ಮಾಡುವುದೇ ಲೇಸು. ನಿಶ್ಶಕ್ತಿಯೆಂದು ಗ್ಲೂಕೋಸಿನ ನೀರು, ಹಣ್ಣಿನ ರಸ, ಪಾನಕ, ಬೆಲ್ಲದ ಹಾಲು, ಹೋಳಿಗೆ ಇವುಗಳನ್ನು ಪ್ರೀತಿಯಿಂದ ಒತ್ತಾಯಿಸುವ ಬಂಧುಗಳು ತಾವು ತಿಳಿಯದೆಯೇ ಕೇಡನ್ನು ಬಡಿಸುತ್ತಿರುತ್ತಾರೆ. ಊಟದ ನಡುವೆ ಲೋಟಗಟ್ಟಲೆ ನೀರು ಕುಡಿಯುವುದೂ ಹೀಗೆಯೇ ಅನ್ನವನ್ನು ಕೊಚ್ಚಿಕೊಂಡು ಹೋಗುತ್ತದೆ. ಊಟಕ್ಕೂ ಪಾನಕ್ಕೂ ಅರ್ಧ ಗಂಟೆಯ ಅಂತರವಿರಲಿ.

ಹೀಗೆಂದು ನೀರನ್ನೇ ಕಡಮೆ ಮಾಡಿದರೆ ಮತ್ತೊಂದು ಕಡೆಯಿಂದ ಅಪಾಯವು ಒದಗುತ್ತದೆ. ರೋಗಿಯು ಮರಳಿ ಆಸ್ಪತ್ರೆಗೆ ಸೇರುವುದಕ್ಕೆ ಬಹು ಸಾಮಾನ್ಯವಾದ ಕಾರಣಗಳಲ್ಲಿ ಒಂದು ಈ ನೀರಿನ ಕೊರತೆಯೇ. ಒಮ್ಮೆಗೆ ಅರ್ಧ ಲೋಟವೂ ಹಿಡಿಯದ ಮನುಷ್ಯನು ದಿನವೊಂದಕ್ಕೆ ಒಂದೂವರೆ ಲೀಟರು ಕುಡಿಯಬೇಕಾದರೆ, ದಿನವೆಲ್ಲ ಗುಟುಕುಗುಟುಕಾಗಿ ಹೀರುತ್ತಿರಬೇಕಲ್ಲದೆ ಬೇರೆ ಉಪಾಯವಿಲ್ಲ. ಹೃದಯ ಮೂತ್ರಪಿಂಡಗಳ ರೋಗವುಳ್ಳವರು ಎಷ್ಟೆಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯತಕ್ಕದ್ದು. ಪಕ್ಕದಲ್ಲಿ ಒಂದು ಅಳತೆಯ ಬಾಟಲಿಯನ್ನಿಟ್ಟು, ಬೆಳಗಿನಿಂದ ಸಂಜೆಯವರೆಗೆ ಅದು ಎಷ್ಟು ಇಳಿಯಿತೆಂದು ನೋಡುವುದು ಸುಲಭವಾದ ಮಾರ್ಗ. ಕಾಯಿಸಿ ಆರಿಸಿದ ನೀರು, ಉಪ್ಪು ಹಾಕಿದ ತಿಳಿಮಜ್ಜಿಗೆ, ಬೇಳೆಯ ಕಟ್ಟು ಇವೆಲ್ಲ ಆಗಬಹುದು. ಮೂತ್ರವು ಕಡಮೆಯಾಗಿ ಬಣ್ಣವು ಗಾಢವಾದರೆ, ನಾಲಿಗೆ ಒಣಗಿದರೆ, ಎದ್ದು ನಿಂತಾಗ ಕಣ್ಣು ಕತ್ತಲೆಗಟ್ಟಿದರೆ ಶರೀರವು ಒಣಗುತ್ತಿದೆಯೆಂದು ತಿಳಿಯಬೇಕು.

ಔಷಧಗಳ ವಿಷಯದಲ್ಲಿಯೂ ಒಂದು ಎಚ್ಚರಿಕೆಯುಂಟು. ಮೊದಲಿನಿಂದ ಮಧುಮೇಹಕ್ಕೂ ರಕ್ತದ ಒತ್ತಡಕ್ಕೂ ಗುಳಿಗೆಗಳನ್ನು ತೆಗೆದುಕೊಳ್ಳುತ್ತಿದ್ದವರು, ಆಸ್ಪತ್ರೆಯಿಂದ ಬಂದೊಡನೆ ಹಳೆಯ ಅಳತೆಯಲ್ಲಿಯೇ ಪುನಃ ಪ್ರಾರಂಭಿಸಬಾರದು. ಊಟವು ಕಾಲುಭಾಗವಾಗಿರುವಾಗ ಮಧುಮೇಹದ ಔಷಧವು ಪೂರ್ತಿಯಾಗಿದ್ದರೆ ಸಕ್ಕರೆಯು ಪಾತಾಳಕ್ಕಿಳಿಯುತ್ತದೆ. ಮೈಯಲ್ಲಿ ನೀರು ಸಾಲದಿರುವಾಗ ಒತ್ತಡದ ಔಷಧವು ಹಳೆಯಂತೆಯೇ ಇದ್ದರೆ ರೋಗಿಯು ನಿಂತಲ್ಲಿಯೇ ಕುಸಿಯಬಹುದು. ಬಿಡುಗಡೆಯ ದಿನವೇ ಪ್ರತಿಯೊಂದು ಗುಳಿಗೆಯನ್ನೂ ಹೆಸರಿಸಿ, ಇದು ಬೇಕೆ, ಎಷ್ಟು, ಪುಡಿಮಾಡಬಹುದೆ ಎಂದು ಕೇಳಿಕೊಂಡು ಬರಬೇಕು. ಕರುಳಿಗೆ ಆಹಾರದ ನಳಿಗೆಯನ್ನಿಟ್ಟು ಕಳುಹಿಸಿದ್ದರೆ, ಅದನ್ನು ಬಳಸುವ ಮುಂಚೆಯೂ ಬಳಸಿದ ಮೇಲೆಯೂ ನೀರಿನಿಂದ ತೊಳೆಯುವ ವಿಧಾನವನ್ನು ಮನೆಯ ಇಬ್ಬರಾದರೂ ದಾದಿಯ ಮುಂದೆ ಮಾಡಿ ಕಲಿತಿರಬೇಕು. ನಳಿಗೆಯು ಕಟ್ಟಿಕೊಂಡರೂ ಜಾರಿ ಹೊರಬಂದರೂ ಮರುಪ್ರಯಾಣವು ತಪ್ಪದು.

ಎಲ್ಲರಿಗೂ ಅಪಾಯವು ಒಂದೇ ಸಮವಲ್ಲ. ಜಠರವನ್ನು ಪೂರ್ತಿಯಾಗಿ ತೆಗೆದವರು, ಅದರೊಡನೆ ಬೇರೆ ಅಂಗಗಳ ಭಾಗವನ್ನೂ ತೆಗೆಸಿಕೊಂಡವರು, ಆಸ್ಪತ್ರೆಯಲ್ಲಿದ್ದಾಗಲೇ ಹೊಲಿಗೆಯ ತೊಂದರೆಯನ್ನೋ ಕೀವನ್ನೋ ಅನುಭವಿಸಿದವರು, ಹೃದಯರೋಗವುಳ್ಳವರು, ಮೊದಲೇ ಕೃಶರಾಗಿದ್ದವರು, ತುಂಬ ವಯಸ್ಸಾದವರು ಇವರೆಲ್ಲರೂ ಹೆಚ್ಚಿನ ಕಾವಲಿಗೆ ಅರ್ಹರು. ಇವರನ್ನು ಮನೆಗೆ ತಂದ ಒಂದು ವಾರದೊಳಗೆ ವೈದ್ಯರಿಗೆ ತೋರಿಸುವುದೋ ದೂರವಾಣಿಯಲ್ಲಿ ವರದಿ ಮಾಡುವುದೋ ಆಗಬೇಕು. ಮುಂದಿನ ಭೇಟಿಯ ದಿನಾಂಕವನ್ನು ಬರೆಯಿಸಿಕೊಳ್ಳದೆ ಆಸ್ಪತ್ರೆಯ ಮೆಟ್ಟಿಲನ್ನು ಇಳಿಯಕೂಡದು.

ಇಲ್ಲಿ ನಮ್ಮ ಊರಿನ ಕಡೆಯ ಒಂದು ಮನೆಯಲ್ಲಿ ಕಂಡುದನ್ನು ಹೇಳುವುದು ಅಪ್ರಸ್ತುತವಾಗಲಾರದು. ಆ ಮನೆಯ ಸೊಸೆಯು ಹೆಚ್ಚು ಓದಿದವಳಲ್ಲ. ಮಗುವಿನ ಶಾಲೆಯ ಬರೆಯುವ ಪುಸ್ತಕವೊಂದರಲ್ಲಿ ಗೆರೆಗಳನ್ನೆಳೆದು, ಮಾವನವರು ಯಾವ ಹೊತ್ತಿಗೆ ಏನನ್ನು ಎಷ್ಟು ತಿಂದರು, ಎಷ್ಟು ಕುಡಿದರು, ಎಷ್ಟು ಸಾರಿ ಮೂತ್ರಕ್ಕೆ ಹೋದರು, ವಾಂತಿಯಾಯಿತೆ, ಜ್ವರವುಂಟೆ ಎಂಬುದನ್ನು ಬರೆದಿಡುತ್ತಿದ್ದಳು. ವಾರಕ್ಕೆರಡು ಸಾರಿ ತೂಕವನ್ನೂ ಬರೆಯುತ್ತಿದ್ದಳು. ಮೂರನೆಯ ವಾರದಲ್ಲಿ ಆ ಪುಸ್ತಕವನ್ನು ನಮಗೆ ತೋರಿಸಿದರು. ಮುದುಕರು ತಾವು ಚೆನ್ನಾಗಿರುವುದಾಗಿಯೇ ಹೇಳುತ್ತಿದ್ದರು. ಆದರೆ ಪುಸ್ತಕದಲ್ಲಿ ನಾಲ್ಕು ದಿವಸಗಳಿಂದ ಗಟ್ಟಿ ಆಹಾರದ ಗೆರೆಯು ಬರಿದಾಗುತ್ತ ಬಂದಿತ್ತು. ಮೊದಲು ಅನ್ನ ನಿಂತಿತ್ತು, ಆಮೇಲೆ ಗಂಜಿ, ಆ ದಿನ ನೀರೂ ಅರ್ಧಕ್ಕೆ ಬಂದಿತ್ತು. ಅಂದೇ ಅವರನ್ನು ಕರೆದೊಯ್ದರು. ಹೊಲಿಗೆಯಾದ ಸ್ಥಳವು ಗಾಯ ಮಾಯುವಾಗ ಕಿರಿದಾಗಿತ್ತೆಂದು ಕಂಡುಬಂದು, ವೈದ್ಯರು ಹೊಟ್ಟೆಯನ್ನು ಮರಳಿ ಕೊಯ್ಯದೆ, ಬಾಯಿಯ ಮೂಲಕ ನಳಿಗೆಯಿಳಿಸಿ ಅದನ್ನು ಅಗಲಿಸಿದರು. ಕೆಲವೇ ದಿವಸಗಳಲ್ಲಿ ಅವರು ಮನೆಗೆ ಬಂದರು. ಇನ್ನೊಂದು ವಾರ ಕಳೆದಿದ್ದರೆ ನಿತ್ರಾಣದಲ್ಲಿ ಏನಾಗುತ್ತಿತ್ತೋ ಹೇಳಲಾಗದು. ಹೀಗೆ ಹಿಂದಿರುಗಿದುದನ್ನು ಚಿಕಿತ್ಸೆಯ ಸೋಲೆಂದು ಎಣಿಸಬಹುದೆ? ಸಕಾಲದಲ್ಲಿ ಹೋದ ಮರುಪ್ರಯಾಣವು ಚಿಕಿತ್ಸೆಯ ಒಂದು ಅಂಗವೇ.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಎರಡನೆಯ ಸಾರಿ ಆಸ್ಪತ್ರೆಗೆ ಹೋಗುವುದು ಅಪಶಕುನವೆಂದೂ, ಆರೈಕೆ ಸಾಲದೆಂದು ನೆರೆಯವರು ಆಡಿಕೊಳ್ಳುವರೆಂದೂ, ಮತ್ತೆ ಖರ್ಚೆಂದೂ ಹಿಂಜರಿಯುವ ಮನೆಗಳು ಬಹಳ. ರೋಗಿಯೂ ಮಕ್ಕಳಿಗೆ ಹೊರೆಯಾಗಬಾರದೆಂದು ನೋವನ್ನು ನುಂಗುತ್ತಾನೆ. ನಮ್ಮ ರಾಜಘಟ್ಟದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದವರು 2001ರಲ್ಲಿ ಅಗೆದು ಬೌದ್ಧಚೈತ್ಯವೊಂದನ್ನೂ ಮಣ್ಣಿನ ಅಸಂಖ್ಯಾತ ಕಿರುಸ್ತೂಪಗಳನ್ನೂ ಬೆಳಕಿಗೆ ತಂದ ಸಂಗತಿಯನ್ನು ವಾಚಕರು ಬಲ್ಲರು. ಹೇತುವಿಲ್ಲದೆ ಯಾವುದೂ ಹುಟ್ಟುವುದಿಲ್ಲವೆಂಬುದು ಆ ಮತದ ಮೂಲೋಪದೇಶಗಳಲ್ಲಿ ಒಂದು. ಯಾವ ಮತದವರಾದರೂ ರೋಗಿಯ ಮಂಚದ ಬಳಿಯಲ್ಲಿ ಇದನ್ನು ನೆನೆಯಬಹುದು. ಜ್ವರಕ್ಕೂ ವಾಂತಿಗೂ ಹೇತುವಿದೆ. ಶಕುನವು ಅದನ್ನು ತಂದುದಲ್ಲ, ನಾಚಿಕೆಯು ಅದನ್ನು ಕಳೆಯಲಾರದು.

ಹಾಗಾದರೆ ಯಾವಾಗ ಕಾಯದೆ ಹೊರಡಬೇಕು? ಮೈ ನಡುಗುವ ಚಳಿಜ್ವರ ಅಥವಾ 38 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಜ್ವರ. ದಿನೇ ದಿನೇ ಹೆಚ್ಚುವ ಹೊಟ್ಟೆನೋವು, ಎಡಭುಜಕ್ಕೆ ಏರುವ ನೋವು, ಗಟ್ಟಿಯಾಗಿ ಉಬ್ಬಿದ ಹೊಟ್ಟೆ. ಗಾಯವು ಕೆಂಪೇರಿ ಕೀವು ಸುರಿಯುವುದು. ನೀರೂ ನಿಲ್ಲದ ವಾಂತಿ. ಮಲವೂ ವಾಯುವೂ ಹೊರಹೋಗದಿರುವುದು. ರಕ್ತವಾಂತಿ, ಡಾಂಬರಿನಂತೆ ಕಪ್ಪಾದ ಮಲ. ಒಂದು ಕಾಲು ಮಾತ್ರ ಊದಿ ನೋಯುವುದು. ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆಯಲ್ಲಿ ಇರಿತ. ಇವುಗಳಲ್ಲಿ ಒಂದು ಕಂಡರೂ ಸಾಕು. ಹೊಲಿಗೆ ಸೋರಿ ಒಳಗೆ ಕೀವಾಗುವುದು, ಕರುಳು ಸಿಕ್ಕಿಕೊಳ್ಳುವುದು, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶಕ್ಕೆ ನುಗ್ಗುವುದು ಇವು ಕಷಾಯದಿಂದ ಹೋಗತಕ್ಕವುಗಳಲ್ಲ. ಇಂಥ ವೇಳೆಯಲ್ಲಿ 108 ಎಂಬ ಸಂಖ್ಯೆಗೆ ಕರೆಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಸೇರಿಸಿ, ಅಲ್ಲಿಂದಲೇ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಸುದ್ದಿ ಮುಟ್ಟಿಸಬೇಕು. ಬಿಡುಗಡೆಯ ಪತ್ರ, ಯಾವ ಭಾಗವನ್ನು ತೆಗೆದರೆಂಬ ವಿವರ, ಔಷಧಗಳ ಪಟ್ಟಿ, ಸರ್ಕಾರದ ಚಿಕಿತ್ಸಾಯೋಜನೆಯ ಕಾರ್ಡು ಎಲ್ಲವೂ ಒಂದೇ ಚೀಲದಲ್ಲಿ ಬಾಗಿಲ ಬಳಿಯ ಮೊಳೆಗೆ ತೂಗುತ್ತಿರಲಿ. ಅರ್ಧರಾತ್ರಿಯಲ್ಲಿ ಪೆಟ್ಟಿಗೆಯನ್ನು ಹುಡುಕುವಂತಾಗಬಾರದು.

ವಾಂತಿಯ ವಿಷಯದಲ್ಲಿ ಇನ್ನೊಂದು ಮಾತು. ಹಲವು ದಿವಸ ಅನ್ನವು ನಿಲ್ಲದೆ ಹೋದರೆ ಬಿ1 ಎಂಬ ಜೀವಸತ್ವದ ದಾಸ್ತಾನು ಕೆಲವು ವಾರಗಳಲ್ಲಿಯೇ ಬರಿದಾಗುತ್ತದೆ. ಆಗ ನಡಿಗೆಯು ತೂರಾಡುವುದು, ಕಣ್ಣು ಎರಡೆರಡಾಗಿ ಕಾಣುವುದು, ಮಾತು ಗಲಿಬಿಲಿಯಾಗುವುದು ತೋರಬಹುದು. ಇದು ಮಿದುಳಿಗೆ ಶಾಶ್ವತವಾದ ಹಾನಿಯನ್ನು ಮಾಡಬಲ್ಲುದು. ಬರಿಯ ಗ್ಲೂಕೋಸನ್ನು ಏರಿಸುವ ಮುಂಚೆ ಆ ಜೀವಸತ್ವವನ್ನು ಕೊಡಬೇಕಾಗುತ್ತದೆ. ಆದ್ದರಿಂದ ಎಷ್ಟು ದಿನಗಳಿಂದ ವಾಂತಿಯಾಗುತ್ತಿದೆ, ಜಠರವನ್ನು ಯಾವಾಗ ತೆಗೆದರು ಎಂಬುದನ್ನು ಹೊಸ ವೈದ್ಯರಿಗೆ ಮೊದಲ ಮಾತಿನಲ್ಲಿಯೇ ಹೇಳತಕ್ಕದ್ದು.

ಮೊದಲ ತಿಂಗಳು ಸುಖವಾಗಿ ಕಳೆದರೆ ಕಾವಲನ್ನು ಸಡಿಲಿಸಬಹುದೇ ಹೊರತು ಎತ್ತಿಬಿಡುವಂತಿಲ್ಲ. ಜಠರದಲ್ಲಿ ಹುಟ್ಟುವ ಒಂದು ವಸ್ತುವಿಲ್ಲದೆ ರಕ್ತವು ಸರಿಯಾಗಿ ಬೆಳೆಯದೆಂಬುದನ್ನು 1929ರ ಸುಮಾರಿಗೆ ಬಾಸ್ಟನ್ ನಗರದ ಕ್ಯಾಸಲ್ ಎಂಬ ವೈದ್ಯನು ತೋರಿಸಿದನು. ಆ ವಸ್ತುವು ಹಿಡಿದುಕೊಡುವ ಬಿ12 ಜೀವಸತ್ವವನ್ನು 1948ರಲ್ಲಿ ಬೇರ್ಪಡಿಸಿದರು. ಯಕೃತ್ತಿನಲ್ಲಿ ಇದರ ಸಂಗ್ರಹವಿರುವುದರಿಂದ, ಜಠರವು ಹೋದ ಮೇಲೆಯೂ ಕೆಲವು ವರ್ಷ ಯಾವ ಕುಂದೂ ಕಾಣದೆ ಇದ್ದು, ಅನಂತರ ರಕ್ತಹೀನತೆ, ಕೈಕಾಲು ಜೋಮು, ಮರೆವು ಮೊದಲಾದವು ಮೆಲ್ಲನೆ ತಲೆದೋರುತ್ತವೆ. ಶುದ್ಧ ಶಾಕಾಹಾರಿಗಳಲ್ಲಿ ಸಂಗ್ರಹವು ಮೊದಲೇ ಕಡಮೆ. ಅವರಿಗೆ ಇದು ಬೇಗನೆ ಬರಬಹುದು. ಜಠರವನ್ನು ಪೂರ್ತಿಯಾಗಿ ತೆಗೆಸಿಕೊಂಡವರಿಗೆ ಈ ಜೀವಸತ್ವದ ಚುಚ್ಚುಮದ್ದು ವೈದ್ಯರು ಹೇಳಿದ ಕಾಲಕ್ಕೆ ಸರಿಯಾಗಿ, ಬದುಕಿರುವವರೆಗೂ ನಡೆಯಬೇಕು. ಚೆನ್ನಾಗಿದ್ದೇನಲ್ಲ ಎಂದು ನಿಲ್ಲಿಸಿದವರೇ ಮುಂದೆ ಪಶ್ಚಾತ್ತಾಪ ಪಡುವುದು. ಕಬ್ಬಿಣ, ಸುಣ್ಣದ ಅಂಶ, ಡಿ ಜೀವಸತ್ವ ಇವುಗಳನ್ನೂ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿ ನೋಡಬೇಕು.

ವ್ರತೋಪವಾಸಗಳನ್ನು ಬಿಡಲು ಒಪ್ಪದ ಹಿರಿಯರಿಗಾಗಿ ಒಂದು ಮಾತು: ಬಾಲ, ವೃದ್ಧ, ರೋಗಿಗಳಿಗೆ ಉಪವಾಸದಿಂದ ವಿನಾಯಿತಿಯನ್ನು ಧರ್ಮಶಾಸ್ತ್ರಕಾರರೇ ಕೊಟ್ಟಿದ್ದಾರೆ. ಏಕಾದಶಿಯ ದಿನ ಎರಡು ಗಂಟೆಗೊಮ್ಮೆ ಉಂಡುದರಿಂದ ಯಾವ ಪುಣ್ಯಕ್ಕೂ ಲೋಪವಿಲ್ಲ.

ಕಡೆಯದಾಗಿ, ಈ ರೋಗಿಗಳ ಮನಸ್ಸನ್ನು ನಾವು ಅರಿಯಬೇಕು. ಎಲೆಯ ಮುಂದೆ ಕುಳಿತು ಎಲ್ಲರೊಡನೆ ಉಣ್ಣುವ ಸುಖವನ್ನು ಅವರು ಕಳೆದುಕೊಂಡಿದ್ದಾರೆ. ನಾಲ್ಕು ತುತ್ತಿಗೆ ಕೈತೊಳೆದರೆ ಬಡಿಸಿದವಳಿಗೆ ಬೇಸರವಾದೀತೆಂದು ಮತ್ತೆ ನಾಲ್ಕು ತುತ್ತು ನುಂಗಿ, ರಾತ್ರಿಯೆಲ್ಲ ಸಂಕಟಪಡುವವರನ್ನು ನಾವು ಬಲ್ಲೆವು. ಒತ್ತಾಯಿಸಿ ಬಡಿಸುವುದು ನಮ್ಮ ದೇಶದ ಮರ್ಯಾದೆಯಾದರೂ ಇಂಥವರ ಎಲೆಯ ಮುಂದೆ ಆ ಮರ್ಯಾದೆಯನ್ನು ತಡೆಹಿಡಿಯಬೇಕು. ಅವರು ಸಾಕೆಂದ ಮಾತು ಕಡೆಯ ಮಾತಾಗಲಿ. ಎರಡು ಗಂಟೆಯ ಮೇಲೆ ಬಟ್ಟಲು ತಾನಾಗಿಯೇ ಮುಂದೆ ಬರಲಿ. ಮೊದಲ ತಿಂಗಳುಗಳಲ್ಲಿ ತೂಕವು ಇಳಿಯುವುದು ಬಹಳ ಮಂದಿಗೆ ಆಗುವುದೇ. ದಿನವೂ ಎಷ್ಟು ಬಡವಾದೆಯೆಂದು ಬಂದುಹೋಗುವವರು ಆಡಬೇಕಾಗಿಲ್ಲ. ದಿನಕ್ಕೆರಡು ಸಾರಿ ಅಂಗಳದಲ್ಲಿಯೋ ಬೀದಿಯ ಕೊನೆಯವರೆಗೋ ಅವರೊಡನೆ ಒಬ್ಬರು ನಡೆದಾಡಲಿ. ಅದರಿಂದ ಕಾಲಿನಲ್ಲಿ ರಕ್ತವು ಹೆಪ್ಪುಗಟ್ಟದು, ಮನಸ್ಸೂ ಹಗುರವಾಗುವುದು. ಉಂಡೊಡನೆ ಅಂಗಾತ ಮಲಗಗೊಡದೆ, ರಾತ್ರಿ ತಲೆಯ ಕಡೆಗೆ ದಿಂಬನ್ನು ಎತ್ತರವಾಗಿಟ್ಟು ಮಲಗಿಸಲಿ. ಪಿತ್ತವು ಗಂಟಲಿಗೆ ಬರುವುದು ಇದರಿಂದ ಕಡಮೆಯಾಗುವುದು.

ಇಷ್ಟೆಲ್ಲವನ್ನು ಒಬ್ಬಳೇ ಹೆಂಗಸಿನ ಮೇಲೆ ಹೊರಿಸಿ ಗಂಡಸರು ಜಗಲಿಯಲ್ಲಿ ಕುಳಿತರೆ ಎರಡು ವಾರಗಳಲ್ಲಿ ಮನೆಯಲ್ಲಿ ಇಬ್ಬರು ರೋಗಿಗಳಾದಾರು. ಗಡಿಯಾರವನ್ನು ನೋಡುವವರೊಬ್ಬರು, ಪುಸ್ತಕವನ್ನು ಬರೆಯುವವರೊಬ್ಬರು, ಔಷಧಕ್ಕೂ ಭೇಟಿಯ ದಿನಾಂಕಕ್ಕೂ ಹೊಣೆಯಾದವರೊಬ್ಬರು ಎಂದು ಕೆಲಸವನ್ನು ಹಂಚಿಕೊಳ್ಳಬೇಕು. ಓದು ಬಲ್ಲ ಮಕ್ಕಳಿಗೂ ಪುಸ್ತಕದ ಕೆಲಸವನ್ನು ಕೊಡಬಹುದು; ಹತ್ತು ವರ್ಷದ ಹುಡುಗಿಯು ಅಜ್ಜನಿಗೆ ಕೊಟ್ಟ ಮಜ್ಜಿಗೆಯ ಲೆಕ್ಕವನ್ನು ದೊಡ್ಡವರಿಗಿಂತ ಕಟ್ಟುನಿಟ್ಟಾಗಿ ಬರೆದಾಳು. ನಮ್ಮ ವಾಚಕರಲ್ಲಿ ಯಾರ ಮನೆಗಾದರೂ ಇಂಥ ಸಂದರ್ಭವು ಬಂದಿದ್ದರೆ, ಇಂದೇ ಒಂದು ಬರೆಯುವ ಪುಸ್ತಕವನ್ನು ತರಿಸಿ ಮೊದಲನೆಯ ಗೆರೆಯನ್ನು ಎಳೆಯಲೆಂದು ಅರಿಕೆಮಾಡಿ, ಈ ತಿಂಗಳ ಮಾತನ್ನು ಮುಗಿಸುತ್ತೇವೆ.